ಅತಿಥಿಯ ಆಧಾರ್, ಐನ್‌ಮನೆಯ ಆಲ್ಬಂ

ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ನಮ್ಮ ಕೊಡಗಿನ ಕಡೆ ತೋಟದ ಕೆಲಸ ನಿಲ್ಲುತ್ತದೆ, ಮನೆಯೊಳಗಿನ ಚರ್ಚೆ ಶುರುವಾಗುತ್ತದೆ. ಹೋದ ಮಳೆಗಾಲದಲ್ಲಿ ಅಕ್ಕನ ಮನೆಯ ಜಗಲಿಯಲ್ಲಿ ಎದ್ದದ್ದು ಫೋನಿನ ಚರ್ಚೆ. ಮೊಮ್ಮಗುವಿನ ವಿಡಿಯೊ ಕಳಿಸಿದರೆ ಅಕ್ಕನ ಫೋನಿಗೆ ಇಳಿಯುತ್ತಿರಲಿಲ್ಲ. ಜಾಗ ತುಂಬಿದೆ ಎಂದು ಅದು ದಿನಕ್ಕೆ ನಾಲ್ಕು ಸಲ ದೂರುತ್ತಿತ್ತು. ಹೊಸ ಫೋನ್ ತಗೊಳ್ಳಿ ಅತ್ತೆ ಎಂದು ಬೆಂಗಳೂರಿನಿಂದ ಅಳಿಯ. ತಿಂಗಳಿಗಿಷ್ಟು ಅಂತ ಕಟ್ಟಿದರೆ ಕ್ಲೌಡಿನಲ್ಲಿ ಜಾಗ ಸಿಗ್ತದೆ ಎಂದು ಮಗ. ಎಲ್ಲ ಅಳಿಸಿ ಬಿಸಾಕು ಎಂದು ಭಾವ. ಭಾವನಿಗೆ ಮಳೆಯ ಲೆಕ್ಕ ಬರೆಯುವ ಡೈರಿಯೊಂದನ್ನು ಬಿಟ್ಟರೆ ಬೇರೆ ಯಾವ ದಾಖಲೆಯ ಮೇಲೂ ನಂಬಿಕೆಯಿಲ್ಲ.

ಜಾಗ ತಿಂದದ್ದು ಏನೆಂದು ನೋಡಲು ನಾನು ಕೂತೆ. ತಿಂದದ್ದು ಶುಭೋದಯದ ವಿಡಿಯೊಗಳು. ಅದು ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಅವುಗಳ ನಡುವೆ ಸಿಕ್ಕಿತು. ಒಂದರ ಹಿಂದೊಂದು ಆಧಾರ್ ಕಾರ್ಡುಗಳು. ಕಾರಿನ ಸ್ಟೀರಿಂಗ್ ಮೇಲಿಟ್ಟು ತೆಗೆದದ್ದು, ಹೋಟೆಲಿನ ಟೇಬಲ್ ಮೇಲೆ ಸಾಂಬಾರಿನ ಬಟ್ಟಲಿನ ಪಕ್ಕ ಇಟ್ಟದ್ದು, ಹೆಬ್ಬೆರಳು ಅರ್ಧ ಮುಚ್ಚಿದ್ದು. ಹೈದರಾಬಾದಿನ ಗಂಡಹೆಂಡತಿ, ಹುಬ್ಬಳ್ಳಿಯ ನಾಲ್ಕು ಗೆಳೆಯರು, ಕಣ್ಣೂರಿನ ಅಜ್ಜಿಯೊಬ್ಬರು, ಇನ್ನೂ ಐದು ತುಂಬದ ಮಗುವಿನ ನೀಲಿ ಬಣ್ಣದ ಕಾರ್ಡು. ಒಂದೊಂದು ಚಿತ್ರವೂ ನೂರಿನ್ನೂರು ಕೆಬಿ ಅಷ್ಟೆ. ತೂಕ ಕಡಿಮೆ ಇರುವುದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

“ಇವರೆಲ್ಲ ಯಾರು?”

“ಗೆಸ್ಟುಗಳು.”

“ಯಾವಾಗ ಬಂದದ್ದು?”

“ಕೊರೊನಾಕ್ಕಿಂತ ಮೊದಲು ಇರ್ಬೇಕು.”

“ಮತ್ತೆ ಇನ್ನೂ ಯಾಕೆ ಇಟ್ಕೊಂಡಿದ್ದಿ?”

“ಇಟ್ಕೊಂಡದ್ದಲ್ಲ ಮಾರಾಯ, ಉಳ್ಕೊಂಡದ್ದು.”

ಈ ಬರಹ ಆ ಒಂದು ಉತ್ತರದ ವಿಮರ್ಶೆ. ಅಕ್ಕನದೂ ಸೇರಿ ಕೊಡಗಿನ ಹೋಂಸ್ಟೇಗಳಲ್ಲಿ ಈಗ ನಡೆಯುವ ಪದ್ಧತಿ ಹೀಗೆ: ಫೋನಿನಲ್ಲಿ ರೂಮು ಹೇಳುತ್ತಾರೆ, ಯುಪಿಐಯಲ್ಲಿ ಮುಂಗಡ ಬರುತ್ತದೆ, “ಎಲ್ಲರ ಆಧಾರ್ ವಾಟ್ಸ್‌ಆ್ಯಪ್ ಮಾಡಿ” ಎಂದು ಒಂದು ಸಾಲು ಹೋಗುತ್ತದೆ, ಐದು ನಿಮಿಷದಲ್ಲಿ ಚಿತ್ರಗಳು ಬಂದು ಬೀಳುತ್ತವೆ. ಬಂದವರು ಎರಡು ರಾತ್ರಿ ಇದ್ದು ಅಬ್ಬಿ ಜಲಪಾತ, ದುಬಾರೆ, ರಾಜಾಸೀಟು ನೋಡಿ ಹೋಗುತ್ತಾರೆ. ಅವರ ಹೆಸರು, ಹುಟ್ಟಿದ ದಿನ, ಮನೆ ವಿಳಾಸ, ಮುಖ, ಹನ್ನೆರಡು ಅಂಕಿ ಇಲ್ಲೇ ಉಳಿಯುತ್ತವೆ. ಎಲ್ಲರೂ ಮಾಡುವುದರಿಂದ ಇದನ್ನು ಯಾರೂ ಒಂದು ಪದ್ಧತಿ ಎಂದುಕೊಂಡಿಲ್ಲ. ಹಾಗಾಗಿ ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದವರೂ ಇಲ್ಲ.

ಮೊದಲಿಗೆ ಹೋಂಸ್ಟೇಯವರ ಪರವಾಗಿ ಒಂದು ಮಾತು. ಊರಿನಿಂದ ನಾಲ್ಕು ಕಿಲೋಮೀಟರ್ ಒಳಗೆ, ತೋಟದ ನಡುವಿನ ಮನೆಗೆ, ಮುಖ ನೋಡದವರನ್ನು ಮಲಗಲು ಕರೆಯುವ ಹೆಂಗಸಿನ ಭಯ ಸುಳ್ಳಲ್ಲ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇರಬೇಕು, ಪೊಲೀಸರು ಕೇಳಿದಾಗ ತಂಗಿದವರ ವಿವರ ಕೊಡಬೇಕು. ಕುಡಿದು ಗಲಾಟೆ ಮಾಡುವವರೂ ಬರುತ್ತಾರೆ, ಹೇಳಿದ ಹೆಸರೇ ಬೇರೆ ಇರುವವರೂ ಬರುತ್ತಾರೆ. ಬಂದವರು ಯಾರೆಂದು ತಿಳಿದುಕೊಳ್ಳುವುದು ಬೇಕೇ ಬೇಕು. ನನ್ನ ತಕರಾರು ತಿಳಿದುಕೊಳ್ಳುವ ರೀತಿಯ ಮೇಲೆ, ತಿಳಿದುಕೊಂಡ ಮೇಲೆ ಏನು ಮಾಡುತ್ತೇವೆ ಎಂಬುದರ ಮೇಲೆ.

ಹಳೆಯ ಲಾಡ್ಜುಗಳ ರಿಜಿಸ್ಟರನ್ನು ನೆನಪಿಸಿಕೊಳ್ಳಿ. ಕೆಂಪು ಬಟ್ಟೆಯ ಬೆನ್ನು, ಉದ್ದ ಹಾಳೆ, ಕೈಯಲ್ಲಿ ಗೆರೆ ಎಳೆದ ಕಾಲಂಗಳು. ಹೆಸರು, ಊರು, ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ, ಬಂದ ಉದ್ದೇಶ, ರುಜು. ಉದ್ದೇಶದ ಕಾಲಮಿನಲ್ಲಿ ಮೊದಲನೆಯವನು “ಸ್ವಂತ ಕೆಲಸ” ಎಂದು ಬರೆದರೆ ಪುಟದ ಕೊನೆಯವರೆಗೆ ಎಲ್ಲರದ್ದೂ ಸ್ವಂತ ಕೆಲಸವೇ. ಕೃತಿಯೆಂದು ನೋಡಿದರೆ ಅದರ ದೋಷಗಳು ಬೇಕಾದಷ್ಟು. ನಾನು ರುಜು ಹಾಕುವಾಗ ನನಗಿಂತ ಮೊದಲು ಬಂದವರ ಫೋನ್ ನಂಬರನ್ನು ಧಾರಾಳವಾಗಿ ಓದಬಹುದಿತ್ತು. ಸುಳ್ಳು ಬರೆದರೆ ಹಿಡಿಯುವ ದಾರಿ ಇರಲಿಲ್ಲ. ಆದರೆ ಅದಕ್ಕೆ ಎರಡು ಗುಣಗಳಿದ್ದವು, ಅವು ಇಂದಿನ ಪದ್ಧತಿಗೆ ಇಲ್ಲ. ಅದು ಒಂದೇ ಜಾಗದಲ್ಲಿತ್ತು, ಓದಬೇಕಾದವನು ಆ ಮೇಜಿನ ಹತ್ತಿರವೇ ಬರಬೇಕಿತ್ತು. ಎರಡನೆಯದು, ಅದು ಸಾಯುತ್ತಿತ್ತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಮಡಿಕೇರಿಯಲ್ಲಿ ಕಾಗದ ಎಷ್ಟು ದಿನ ಬಾಳುತ್ತದೆ? ತುಂಬಿದ ರಿಜಿಸ್ಟರ್ ಅಟ್ಟಕ್ಕೆ ಹೋಗುತ್ತಿತ್ತು. ಮೊದಲ ಮಳೆಗಾಲಕ್ಕೆ ಬೂಷ್ಟು, ಎರಡನೆಯದಕ್ಕೆ ಗೆದ್ದಲು, ಮೂರನೆಯದಕ್ಕೆ ಬಚ್ಚಲೊಲೆ. ಯಾರೂ ತೀರ್ಮಾನ ಮಾಡದೆಯೇ, ಯಾರ ಒಪ್ಪಿಗೆಯನ್ನೂ ಕೇಳದೆಯೇ ಅದು ಬಂದವರನ್ನೆಲ್ಲ ಮರೆತುಬಿಡುತ್ತಿತ್ತು.

ಫೋನಿಗೆ ಬೂಷ್ಟು ಹಿಡಿಯುವುದಿಲ್ಲ.

ಅಕ್ಕನಿಗೆ ಬಂದ ಹೈದರಾಬಾದಿನವರ ಆ ಒಂದು ಚಿತ್ರ ಎಲ್ಲೆಲ್ಲಿ ಇದೆ ಎಂದು ಇಬ್ಬರೂ ಕೂತು ಎಣಿಸಿದೆವು. ಕಳಿಸಿದವರ ಫೋನಿನಲ್ಲಿ ಒಂದು. ಅಕ್ಕನ ವಾಟ್ಸ್‌ಆ್ಯಪ್ ಮಾತುಕತೆಯಲ್ಲಿ ಒಂದು, ಗ್ಯಾಲರಿಯಲ್ಲೂ ಅದರ ಮುಖ. ರಾತ್ರಿ ಎರಡು ಗಂಟೆಗೆ ತಾನಾಗಿಯೇ ಗೂಗಲ್ ಖಾತೆಗೆ ಹೋಗುವ ಬ್ಯಾಕಪ್ಪಿನಲ್ಲಿ ಇನ್ನೊಂದು. ಲೆಕ್ಕ ನೋಡಲೆಂದು ಮಗ ತನ್ನ ಲ್ಯಾಪ್‌ಟಾಪಿಗೆ ಅಮ್ಮನ ವಾಟ್ಸ್‌ಆ್ಯಪ್ ಜೋಡಿಸಿಕೊಂಡಿದ್ದಾನೆ, ಅಲ್ಲೂ ಇದೆ. ದಸರಾ ರಜೆಯಲ್ಲಿ ರೂಮು ತುಂಬಿದಾಗ “ನಿಮ್ಮಲ್ಲಿ ಜಾಗ ಇದ್ರೆ ನೋಡಿ” ಎಂದು ಪಕ್ಕದ ತೋಟದವರಿಗೆ ದಾಟಿಸಿದ್ದಾಳೆ, ಅಲ್ಲಿ ಇನ್ನೊಂದು ಸಂಸಾರವೇ ಶುರುವಾಗಿದೆ. ಮತ್ತೆ ಹಳೆಯ ಫೋನು? ಎಕ್ಸ್‌ಚೇಂಜಿಗೆ ಕೊಟ್ಟಳಂತೆ. “ಎಲ್ಲ ಅಳಿಸಿಯೇ ಕೊಡ್ತಾರೆ ಅಲ್ವಾ?” ಎಂದು ಕೇಳಿದಳು. ಯಾರು ಅಳಿಸುವವರು ಎಂದು ನನಗೆ ಕೇಳಲು ಬಾಯಿ ಬರಲಿಲ್ಲ.

“ವಾಟ್ಸ್‌ಆ್ಯಪ್ ಸೇಫ್ ಅಂತೆ” ಎಂಬ ಮಾತನ್ನು ಇಲ್ಲೇ ತೂಗಿ ನೋಡಬೇಕು. ಅರ್ಧ ನಿಜ. 2016ರಿಂದ ಅದರ ಸಂದೇಶಗಳು ಕಳಿಸುವವರ ಫೋನಿನಲ್ಲಿ ಮುಚ್ಚಿಕೊಂಡು ಪಡೆಯುವವರ ಫೋನಿನಲ್ಲೇ ತೆರೆದುಕೊಳ್ಳುತ್ತವೆ, ನಡುವೆ ಕಂಪನಿಗೂ ಒಳಗೇನಿದೆ ಎಂದು ಕಾಣುವುದಿಲ್ಲ. ಬ್ಯಾಕಪ್ಪಿಗೂ ಅಂಥ ಬೀಗ ಹಾಕುವ ಸೌಲಭ್ಯ 2021ರ ಕೊನೆಗೆ ಬಂತು, ಆದರೆ ಅದನ್ನು ನಾವೇ ಹುಡುಕಿ ಹಾಕಿಕೊಳ್ಳಬೇಕು. ಅಕ್ಕ ಹಾಕಿಕೊಂಡಿರಲಿಲ್ಲ, ನಾನೂ ಹಾಕಿಕೊಂಡಿರಲಿಲ್ಲ. ಇಷ್ಟೆಲ್ಲ ಬೀಗಗಳೂ ದಾರಿಯವು. ಚಿತ್ರ ಬಂದು ಸೇರಿದ ಮನೆಗೆ ಬಾಗಿಲೇ ಇಲ್ಲ: ಅಡುಗೆಮನೆಯ ಕಟ್ಟೆಯ ಮೇಲೆ ಬಿದ್ದಿರುವ ಫೋನು, ಮೊಮ್ಮಗಳಿಗೂ ಗೊತ್ತಿರುವ ನಾಲ್ಕು ಅಂಕಿಯ ಪಿನ್ನು.

ಇಷ್ಟಾದರೂ ಆ ಚಿತ್ರ ಗುರುತನ್ನಾದರೂ ಖಚಿತಪಡಿಸುತ್ತದೆಯೇ ಎಂದರೆ ಅದೂ ಇಲ್ಲ. ಕಾರ್ಡಿನ ಚಿತ್ರದಲ್ಲಿ ಹೆಸರು ಬದಲಿಸಲು ಹೈಸ್ಕೂಲು ಹುಡುಗನಿಗೆ ಹತ್ತು ನಿಮಿಷ ಸಾಕು. ನಿಜವಾದ ಪರೀಕ್ಷೆ ಇರುವುದು ಅದೇ ಕಾರ್ಡಿನ ಮೂಲೆಯ ಕ್ಯೂಆರ್ ಚೌಕದಲ್ಲಿ. ಅದರೊಳಗಿನ ವಿವರಕ್ಕೆ ಆಧಾರ್ ಪ್ರಾಧಿಕಾರದ ಡಿಜಿಟಲ್ ಸಹಿ ಇದೆ, ಪ್ರಾಧಿಕಾರದ ಸ್ಕ್ಯಾನರ್ ಆ್ಯಪಿನಿಂದ ನೋಡಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ, ಅದಕ್ಕೆ ಇಂಟರ್‌ನೆಟ್ಟೂ ಬೇಡ. ಕೊಡಗಿನಲ್ಲಿ ಈ ಕೊನೆಯ ಮಾತಿನ ಬೆಲೆ ದೊಡ್ಡದು. ಇಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ, ಟವರ್ ಹೋದರೆ ರೇಂಜಿಗಾಗಿ ಗುಡ್ಡ ಹತ್ತಬೇಕು. ಕೊರೊನಾ ಕಾಲದಲ್ಲಿ ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನ ಸರಕಾರಿ ಶಾಲೆಯ ಮೇಷ್ಟ್ರೊಬ್ಬರು ನೆಟ್‌ವರ್ಕ್ ಸಿಗಲೆಂದು ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಪಾಠ ಮಾಡಿದ್ದು ಇದೇ ಜಿಲ್ಲೆಯಲ್ಲಿ. ಆದರೂ ನಾನು ಹೋದ ಯಾವ ಹೋಂಸ್ಟೇಯಲ್ಲೂ ಆ ಚೌಕವನ್ನು ಸ್ಕ್ಯಾನ್ ಮಾಡಿದ್ದನ್ನು ಕಂಡಿಲ್ಲ. ಪರೀಕ್ಷೆಗೆ ಬರುವುದನ್ನು ನೋಡುವುದಿಲ್ಲ, ಪರೀಕ್ಷೆಗೆ ಬಾರದ್ದನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತೇವೆ.

ಇದರಿಂದ ಆಗುವ ಹಾನಿ ಏನು ಎಂದು ಭಾವ ಕೇಳಿದ. ನ್ಯಾಯವಾದ ಪ್ರಶ್ನೆ. ಬರೀ ಆಧಾರ್ ಚಿತ್ರದಿಂದ ಯಾರ ಬ್ಯಾಂಕ್ ಖಾತೆಯೂ ಬರಿದಾಗುವುದಿಲ್ಲ, ಹಾಗೆ ಹೆದರಿಸುವವರ ಮಾತು ನಂಬಬೇಕಾಗಿಲ್ಲ. ಆದರೆ 2023ರಲ್ಲಿ ನಮ್ಮ ರಾಜ್ಯದಲ್ಲೇ ಬೆಳಕಿಗೆ ಬಂದ ವಂಚನೆಯನ್ನು ನೆನೆಯಿರಿ. ಆಸ್ತಿ ನೋಂದಣಿಯ ಪತ್ರಗಳಲ್ಲಿ ಆಧಾರ್ ಸಂಖ್ಯೆಯೂ ಇರುತ್ತಿತ್ತು, ಹೆಬ್ಬೆಟ್ಟಿನ ಗುರುತೂ ಇರುತ್ತಿತ್ತು. ಆ ಪತ್ರಗಳು ಇಲಾಖೆಯ ಜಾಲತಾಣದಲ್ಲಿ ಸಿಗುತ್ತಿದ್ದವು. ಕಳ್ಳರು ಅವನ್ನು ಇಳಿಸಿಕೊಂಡು, ಬೆರಳಚ್ಚಿನ ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಯಲ್ಲಿ ಖಾತೆಗಳಿಗೆ ಕನ್ನ ಹಾಕಿದರು. ಒಟಿಪಿ ಬೇಡವಾದ್ದರಿಂದ ದುಡ್ಡು ಹೋದ ಮೇಲಷ್ಟೇ ಗೊತ್ತಾಗುತ್ತಿತ್ತು. ಆಮೇಲೆ ಪತ್ರಗಳಲ್ಲಿನ ಬೆರಳಚ್ಚನ್ನು ಮರೆಮಾಡಿದರು, ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಜನರಿಗೆ ಹೇಳಿದರು. ಆ ನೋಂದಣಿ ತಂತ್ರಾಂಶದ ಹೆಸರು ಕಾವೇರಿ. ನಮ್ಮ ಬೆಟ್ಟದಲ್ಲಿ ಹುಟ್ಟಿದವಳ ಹೆಸರು, ಏನು ಹೇಳುವುದು! ಅಲ್ಲಿ ಕೆಟ್ಟ ಉದ್ದೇಶದಿಂದ ಯಾರೂ ಆ ಪತ್ರಗಳನ್ನು ಇಟ್ಟಿರಲಿಲ್ಲ. ಇಲಾಖೆಯ ಕೆಲಸ ನಡೆದಿತ್ತು, ಜೊತೆಗೆ ಬೇಡದ್ದೂ ಉಳಿದುಕೊಂಡಿತ್ತು, ಅಕ್ಕನ ಫೋನಿನಲ್ಲಿ ಉಳಿದುಕೊಂಡ ಹಾಗೆ.

ಹಣದ ಹಾನಿ ಎಣಿಕೆಗೆ ಸಿಗುತ್ತದೆ. ಮಾನದ್ದು ಸಿಗುವುದಿಲ್ಲ. 2020ರ ಮಾರ್ಚಿನಲ್ಲಿ ಹೊರದೇಶದಿಂದ ಬಂದು ಮನೆಯಲ್ಲೇ ಪ್ರತ್ಯೇಕವಾಗಿದ್ದ ಸಾವಿರಾರು ಜನರ ವಿಳಾಸದ ಪಟ್ಟಿಯನ್ನು ರಾಜ್ಯ ಸರಕಾರ ಜಾಲತಾಣದಲ್ಲಿ ಹಾಕಿತು. ಗಂಟೆಗೊಮ್ಮೆ ಸೆಲ್ಫಿ ಕಳಿಸಬೇಕೆಂಬ ಆ್ಯಪನ್ನೂ ತಂದಿತು. ಸರಕಾರದ್ದು ಗಾಬರಿಯ ಕಾಲದ ನಿರ್ಧಾರ ಎನ್ನೋಣ. ಆದರೆ ಆ ಪಟ್ಟಿಗಳನ್ನು ಊರೂರಿನ ವಾಟ್ಸ್‌ಆ್ಯಪ್ ಗುಂಪುಗಳಿಗೆ ದಾಟಿಸಿದವರು ಯಾರು? ನಾವೇ. “ಇವರು ನಮ್ಮ ರಸ್ತೆಯವರು” ಎಂದು ಕೆಳಗೆ ಒಂದು ಸಾಲು ಸೇರಿಸಿದವರೂ ನಾವೇ. ಪಹಣಿ ಬೇಕಾದರೆ ನಾಡಕಚೇರಿಗೆ ಹೋಗುತ್ತಿದ್ದ ಕಾಲ ಮುಗಿದು, ಯಾರ ತೋಟದ ಮೇಲೆ ಯಾವ ಬ್ಯಾಂಕಿನ ಎಷ್ಟು ಸಾಲ ಎಂದು ಸರ್ವೆ ನಂಬರ್ ಗೊತ್ತಿದ್ದವರೆಲ್ಲ ನೋಡಬಹುದಾದ ಕಾಲ ಬಂದಾಗಲೂ ನಮ್ಮಲ್ಲಿ ಯಾರಿಗೂ ಇರುಸುಮುರುಸಾಗಲಿಲ್ಲ. ಮದುವೆ ಮಾತುಕತೆಗೆ ಹೋಗುವ ಮುಂಚೆ ಪಹಣಿ ತೆಗೆಸಿ ನೋಡುವವರನ್ನು ನಾನು ಬಲ್ಲೆ. ಪಹಣಿಯನ್ನು ಕಂಪ್ಯೂಟರಿಗೇರಿಸಿದ ಭೂಮಿ ಯೋಜನೆಯಿಂದ ಲಂಚ ಕಡಿಮೆಯಾದದ್ದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಬೇರೆಯವರ ವಿವರ ನೋಡಲು ಸಿಕ್ಕರೆ ನಮಗೆ ಖುಷಿ ಎಂಬುದೂ ಅಷ್ಟೇ ನಿಜ.

ಕಾನೂನು ಏನು ಹೇಳುತ್ತದೆ ಎಂಬುದು ಒಂದು ನಗೆಪಾಟಲಿನ ಕಥೆ. 2019ರ ಆಧಾರ್ ತಿದ್ದುಪಡಿಯ ಪ್ರಕಾರ, ಕಾರ್ಡು ನೋಡಿ ಗುರುತು ಖಚಿತಪಡಿಸಿಕೊಳ್ಳುವ ಖಾಸಗಿಯವರು ಆ ಸಂಖ್ಯೆಯನ್ನು ಸಂಗ್ರಹಿಸಿ ಇಡುವಂತಿಲ್ಲ. 2022ರ ಮೇ 27ರಂದು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಇದನ್ನೇ ಬಿಡಿಸಿ ಹೇಳಿತು: ಆಧಾರ್ ಪ್ರತಿಯನ್ನು ಯಾರಿಗೂ ಕೊಡಬೇಡಿ, ಹೋಟೆಲು, ಸಿನಿಮಾ ಮಂದಿರದಂಥವರು ಅದನ್ನು ಪಡೆದು ಇಟ್ಟುಕೊಳ್ಳುವಂತಿಲ್ಲ, ಕೊಡಲೇಬೇಕಾದರೆ ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿ ಕೊಡಿ. ದೇಶವೆಲ್ಲ ಗಾಬರಿಯಾಯಿತು, ಇಷ್ಟು ವರ್ಷ ಕೊಟ್ಟದ್ದನ್ನು ಏನು ಮಾಡುವುದೆಂದು. ಎರಡೇ ದಿನಕ್ಕೆ, ಮೇ 29ರಂದು, ತಪ್ಪು ತಿಳಿವಳಿಕೆಗೆ ಎಡೆಯಾಗಬಹುದೆಂದು ಕೇಂದ್ರ ಆ ಪ್ರಕಟಣೆಯನ್ನು ಹಿಂದಕ್ಕೆ ಪಡೆಯಿತು. ಅದರಲ್ಲಿ ಹೇಳಿದ್ದು ಸರಿಯಾಗಿಯೇ ಇತ್ತು. ಬೆಂಗಳೂರಿನ ಆ ಕಚೇರಿಯವರು ಬರೆದ ಕಾಗದವನ್ನು ಪ್ರತಿ ಹೋಂಸ್ಟೇಯ ಬಾಗಿಲಿಗೆ ಅಂಟಿಸಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಖಾಸಗಿತನ ನಮ್ಮದಲ್ಲದ ವಿಷಯ, ಪಟ್ಟಣದವರ ಶೋಕಿ ಎನ್ನುವವರಿಗೆ ಒಂದು ಹೆಸರು ನೆನಪಿಸಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದದ್ದು 2012ರಲ್ಲಿ. ಆಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದಿತು. ದೇಶದ ಕಾನೂನು ಪುಸ್ತಕಗಳಲ್ಲಿ ಆ ತೀರ್ಪಿಗೆ ಅವರದೇ ಹೆಸರು. ಅವರು ತೀರಿಕೊಂಡದ್ದು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ. ಆ ತೀರ್ಪಿನ ಬೆನ್ನಿಗೆ ಬಂದದ್ದು 2023ರ ದತ್ತಾಂಶ ರಕ್ಷಣೆ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು, ಮುಖ್ಯ ಕಟ್ಟುಪಾಡುಗಳಿಗೆ ಹದಿನೆಂಟು ತಿಂಗಳ ಗಡುವು ಕೊಟ್ಟಿದ್ದಾರೆ. ಯಾವ ಕೆಲಸಕ್ಕೆ ವಿವರ ಪಡೆದಿರೋ ಅದು ಮುಗಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಲು ಹೇಳದಿದ್ದರೆ, ಅಳಿಸಬೇಕು. ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಮೂರು ರೂಮಿನ ಅಕ್ಕನಿಗೆ ಅಷ್ಟು ದಂಡ ಬೀಳುವುದಿಲ್ಲ, ನಿಜ. ಆದರೆ ಅವಳಿಗೂ ಬೆಂಗಳೂರಿನ ದೊಡ್ಡ ಕಂಪನಿಗೂ ಆ ಕಾಯ್ದೆ ಇಟ್ಟಿರುವ ಹೆಸರು ಒಂದೇ. ಇಂಗ್ಲಿಷಿನಲ್ಲಿ ಫಿಡ್ಯೂಷಿಯರಿ. ಬೇರೆಯವರ ಒಡವೆಯನ್ನು ನಂಬಿಕೆಯ ಮೇಲೆ ಇಟ್ಟುಕೊಂಡವರು ಎಂದು ಅದರ ಅರ್ಥ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಹೋಂಸ್ಟೇಯವರ ಮೇಲಿನ ದೂರಾಗುತ್ತಿತ್ತು. ಆದರೆ ಅದೇ ಸಂಜೆ, ಶುಭೋದಯದ ವಿಡಿಯೊ ಅಳಿಸಿ ಫೋನಿನಲ್ಲಿ ಜಾಗವಾದ ಖುಷಿಯಲ್ಲಿ ಅಕ್ಕ ಇನ್ನೊಂದು ಮಾತು ತೆಗೆದಳು. ಅಪ್ಪ ಇದ್ದಾಗ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಸೇರಿದ ಫೋಟೊಗಳು ಎಲ್ಲಿವೆ? ನಡುಮನೆಯಾದ ನೆಲ್ಲಕ್ಕಿಯಲ್ಲಿ ಅಪ್ಪ ನಡುವೆ ಕೂತು, ಕಂಬಕ್ಕೆ ಒರಗಿದ ದೊಡ್ಡಪ್ಪಂದಿರು, ಪುತ್ತರಿ ಹಬ್ಬದ ಕದಿರು ಹಿಡಿದ ಮಕ್ಕಳು. ಅವು ನನ್ನ ಹತ್ತಿರ ಇದ್ದವು. ನಾನೇ ಕಾಪಿ ಮಾಡಿ ಒಂದು ಹಾರ್ಡ್‌ಡಿಸ್ಕಿಗೆ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನುಸಿಗುಳಿಗೆಯ ಜೊತೆ ಕಬ್ಬಿಣದ ಬೀರುವಿನಲ್ಲಿ ಇಟ್ಟಿದ್ದೆ. ಆರು ಮಳೆಗಾಲ ಕಳೆದು ತೆಗೆದು ಚುಚ್ಚಿದರೆ ಟಿಕ್ ಟಿಕ್ ಎಂದಿತು, ಮತ್ತೇನನ್ನೂ ಹೇಳಲಿಲ್ಲ. ಬೆಂಗಳೂರಿನ ಅಂಗಡಿಯವರು ಬಿಚ್ಚಿ ನೋಡುವುದಕ್ಕೇ ಕೇಳಿದ ಮೊತ್ತದಲ್ಲಿ ಹೊಸ ಡಿಸ್ಕು ನಾಲ್ಕು ಬರುತ್ತಿತ್ತು. ಅದು ಯಾರ ತಪ್ಪೂ ಅಲ್ಲ, ನನ್ನದೇ. ಮುಖವೇ ಗೊತ್ತಿಲ್ಲದ ಹೈದರಾಬಾದಿನ ಗಂಡಹೆಂಡತಿಯ ಹುಟ್ಟಿದ ದಿನ ಐದು ಕಡೆ ಭದ್ರವಾಗಿತ್ತು, ಅಪ್ಪನ ಮುಖ ನಮ್ಮಲ್ಲಿ ಒಂದು ಕಡೆಯೂ ಇರಲಿಲ್ಲ.

ಹಾರ್ಡ್‌ಡಿಸ್ಕ್ ಸಾಯುತ್ತದೆ ಎಂಬುದು ಗುಟ್ಟೇನಲ್ಲ. ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ಕಂಪನಿ ತನ್ನ ಸಾವಿರಾರು, ಈಗ ಲಕ್ಷಗಟ್ಟಲೆ ಡಿಸ್ಕುಗಳ ಹುಟ್ಟುಸಾವಿನ ಲೆಕ್ಕವನ್ನು 2013ರಿಂದ ಇಟ್ಟು ಪ್ರಕಟಿಸುತ್ತ ಬಂದಿದೆ. ವರ್ಷಕ್ಕೆ ನೂರರಲ್ಲಿ ಹೆಚ್ಚುಕಡಿಮೆ ಒಂದು, ಒಂದೂವರೆ ಕೆಡುತ್ತವೆ. ಅವು ತಂಪಾದ, ಒಣಗಿದ ಕೋಣೆಯಲ್ಲಿ ಸದಾ ತಿರುಗುತ್ತಿರುವ ಡಿಸ್ಕುಗಳು. ಬಟ್ಟೆ ಎರಡು ವಾರವಾದರೂ ಒಣಗದ, ಚರ್ಮದ ಬೆಲ್ಟಿಗೆ ಹಸಿರು ಹುಟ್ಟುವ ನಮ್ಮ ಮನೆಗಳ ಲೆಕ್ಕ ಆ ಪಟ್ಟಿಯಲ್ಲಿಲ್ಲ. ಪೆನ್‌ಡ್ರೈವ್ ಇನ್ನೂ ನಂಬಿಕೆಗೇಡಿ. ವರ್ಷಗಟ್ಟಲೆ ಚುಚ್ಚದೆ ಇಟ್ಟರೆ ಅದರೊಳಗಿನ ವಿದ್ಯುತ್ತಿನ ಗುರುತು ಮೆಲ್ಲಗೆ ಸೋರಿಹೋಗುತ್ತದೆ. ಮದುವೆಯ ಸ್ಟುಡಿಯೊದವರು ಕೊಟ್ಟ ಡಿವಿಡಿಗಳ ಬೆನ್ನು ಸುಲಿದಿದೆ, ಹಾಕಿ ನೋಡಲು ಯಂತ್ರವೂ ಮನೆಯಲ್ಲಿಲ್ಲ. ಕ್ಲೌಡು? ಗೂಗಲ್ ಫೋಟೋಸಿನ ಅಳತೆಯಿಲ್ಲದ ಪುಕ್ಕಟೆ ಜಾಗ 2021ರ ಜೂನ್ 1ಕ್ಕೆ ಮುಗಿಯಿತು, ಈಗ ಪುಕ್ಕಟೆ ಎಂದರೆ ಇಮೇಲು, ಫೋಟೊ ಎಲ್ಲ ಸೇರಿ 15 ಜಿಬಿ. ಎರಡು ವರ್ಷ ಮುಟ್ಟದ ಖಾತೆಯನ್ನು ಅಳಿಸಬಹುದೆಂಬ ನಿಯಮ 2023ರ ಡಿಸೆಂಬರಿನಿಂದ ಜಾರಿಗೆ ಬಂತು. ತೀರಿಕೊಂಡವರ ಖಾತೆಯನ್ನು ಯಾರು ಮುಟ್ಟುತ್ತಾರೆ? ಮನೆ ಹಿರಿಯರು ಹೋದ ಎರಡು ವರ್ಷಕ್ಕೆ ಅವರು ತೆಗೆದ ಚಿತ್ರಗಳೂ ಹೋಗಬಹುದು. ಮೂಲಪುರುಷ ಕಾರೋಣನಿಗೆ ಎಡೆ ಇಡುವುದನ್ನು ಮರೆಯದ ಮನೆಗಳಲ್ಲಿ ಹೋದ ಹಿರಿಯರ ಪಾಸ್‌ವರ್ಡ್ ಕೇಳಿಟ್ಟುಕೊಂಡವರು ಎಷ್ಟು ಮಂದಿ ಇದ್ದಾರೋ!

ಹೀಗೆ ಕಳೆದುಕೊಂಡವನು ನಾನೊಬ್ಬನೇ ಅಲ್ಲ. 2018ರ ಆಗಸ್ಟ್ ನಡುವಿನಲ್ಲಿ ಇಲ್ಲಿನ ಗುಡ್ಡಗಳು ಕುಸಿದಾಗ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಮುಕ್ಕೋಡ್ಲು ಕಡೆಯವರು ಉಟ್ಟ ಬಟ್ಟೆಯಲ್ಲಿ ಹೊರಟು ಬಂದರು. ದಾಖಲೆಗಳು ಕೆಸರಿನಡಿ ಹೋದವು. ಆಮೇಲೆ ಎಲ್ಲರ ಬಾಯಲ್ಲೂ ಡಿಜಿಲಾಕರ್. 2015ರಲ್ಲಿ ಶುರುವಾದ ಆ ವ್ಯವಸ್ಥೆ ಕೆಲಸಕ್ಕೆ ಬರುತ್ತದೆ, ನಾನೂ ಬಳಸುತ್ತೇನೆ, ಅದರೊಳಗಿನ ಲೈಸೆನ್ಸು ಅಸಲಿಗೆ ಸಮ. ಆದರೆ ಅದು ಉಳಿಸುವುದು ಏನನ್ನು ಎಂದು ನೋಡಿ. ಅಂಕಪಟ್ಟಿ, ಲೈಸೆನ್ಸು, ಆರ್‌ಸಿ, ಪಾನ್. ಎಲ್ಲವೂ ಕೊಟ್ಟ ಇಲಾಖೆಯ ಕಂಪ್ಯೂಟರಿನಲ್ಲಿ ಹೇಗೂ ಇರುವಂಥವೇ, ಕಳೆದರೆ ಅರ್ಜಿ ಹಾಕಿ ಇನ್ನೊಮ್ಮೆ ಪಡೆಯಬಹುದಾದಂಥವೇ. ಕೆಸರಿನಡಿ ಹೋದ ಮದುವೆಯ ಆಲ್ಬಂ, ಅಜ್ಜಿ ಹಾಡಿದ್ದನ್ನು ತುಂಬಿಸಿಕೊಂಡ ಕ್ಯಾಸೆಟ್ಟು, ಸೇನೆಯಲ್ಲಿದ್ದ ಅಣ್ಣ ಗಡಿಯಿಂದ ಬರೆದ ಕಾಗದ, ಇವಕ್ಕೆ ಅರ್ಜಿ ಹಾಕುವ ಕಚೇರಿ ಎಲ್ಲಿದೆ?

ಉಳಿಸುವ ಬಗೆ ನಮ್ಮವರಿಗೆ ಗೊತ್ತಿರಲಿಲ್ಲ ಎಂದೇನಲ್ಲ. ನಡಿಕೇರಿಯಂಡ ಚಿಣ್ಣಪ್ಪ ಊರೂರು ತಿರುಗಿ, ಜನರ ಬಾಯಲ್ಲಿದ್ದ ಹಾಡು, ಗಾದೆ, ಪದ್ಧತಿಗಳನ್ನೆಲ್ಲ ಬರೆದುಕೊಂಡು ‘ಪಟ್ಟೋಲೆ ಪಳಮೆ’ ಎಂದು 1924ರಲ್ಲಿ ಅಚ್ಚು ಹಾಕಿಸಿದರು. ನೂರು ವರ್ಷ ದಾಟಿತು, ಇವತ್ತಿಗೂ ಓದಲು ಸಿಗುತ್ತದೆ. ಅವರ ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ, ಚಿಣ್ಣಪ್ಪ ದಂಪತಿ 2003ರಲ್ಲಿ ಅದನ್ನು ಇಂಗ್ಲಿಷಿಗೂ ತಂದರು, ಆ ಬಳಿಕ ಐನ್‌ಮನೆಗಳನ್ನು ಒಂದೊಂದಾಗಿ ಹುಡುಕಿ ಹೋಗಿ ದಾಖಲಿಸಿದರು. ಆ ಪುಸ್ತಕ ಉಳಿದದ್ದು ಕಾಗದ ಗಟ್ಟಿಯಿದ್ದದ್ದಕ್ಕಲ್ಲ. ಅದರ ಪ್ರತಿಗಳು ಹತ್ತಾರು ಮನೆಗಳಲ್ಲಿ ಹಂಚಿಹೋಗಿದ್ದವು, ಒಂದು ಮನೆಯದಕ್ಕೆ ಗೆದ್ದಲು ಹಿಡಿದರೆ ಇನ್ನೊಂದು ಮನೆಯದು ಇತ್ತು. ಫೋಟೊ ಕಾಪಾಡುವವರು ಈಗ ಹೇಳುವ ಸೂತ್ರವೂ ಅದೇ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಬೆಂಗಳೂರಿನಲ್ಲಿ ಒಬ್ಬರಾದರೂ ಇಲ್ಲದ ಮನೆ ಕೊಡಗಿನಲ್ಲಿ ಕಡಿಮೆ, ಮೂರನೆಯ ಪ್ರತಿಗೆ ಜಾಗ ಹುಡುಕಬೇಕಾಗಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಇಲಾಖೆಯಲ್ಲಿದ್ದವರು ಎಂಬುದು ನನಗೆ ಆ ಸಂಜೆ ಬೇಡವೆಂದರೂ ನೆನಪಾಯಿತು. ಅಂದು ಪೊಲೀಸರೊಬ್ಬರು ನಾವು ಮರೆಯಬಾರದ್ದನ್ನು ಬರೆದಿಟ್ಟುಕೊಂಡರು. ಇಂದು ಪೊಲೀಸರು ಕೇಳಿಯಾರು ಎಂಬ ಹೆದರಿಕೆಗೆ ನಾವು ಮರೆಯಬೇಕಾದ್ದನ್ನೆಲ್ಲ ಇಟ್ಟುಕೊಂಡಿದ್ದೇವೆ.

ನನ್ನ ತೀರ್ಪು ಇಷ್ಟು. ವಾಟ್ಸ್‌ಆ್ಯಪಿನಲ್ಲಿ ಆಧಾರ್ ತರಿಸುವ ಪದ್ಧತಿ ಗುರುತಿಗೂ ಬಾರದು, ಕಾನೂನಿಗೂ ಹೊಂದದು, ಆತಿಥ್ಯಕ್ಕಂತೂ ಶೋಭೆಯಲ್ಲ. ಹಳೆಯ ರಿಜಿಸ್ಟರ್ ಅದಕ್ಕಿಂತ ಮೇಲು, ಒಂದು ತಿದ್ದುಪಡಿಯೊಂದಿಗೆ: ಒಬ್ಬರು ಬರೆಯುವಾಗ ಹಿಂದಿನವರದ್ದು ಕಾಣದ ಹಾಗೆ ಒಂದು ರಟ್ಟು ಮುಚ್ಚಿದರಾಯಿತು. ಕಾರ್ಡನ್ನು ಬಾಗಿಲಲ್ಲಿ ಕಣ್ಣಾರೆ ನೋಡಲಿ, ಚೌಕವನ್ನು ಸ್ಕ್ಯಾನ್ ಮಾಡಲಿ, ಲೈಸೆನ್ಸೋ ಮತದಾರರ ಗುರುತಿನ ಚೀಟಿಯೋ ಕೊಟ್ಟರೆ ಒಪ್ಪಲಿ, ರಿಜಿಸ್ಟರಿನಲ್ಲಿ “ನೋಡಿದೆ” ಎಂದು ಬರೆದು ಕೊನೆಯ ನಾಲ್ಕು ಅಂಕಿ ಹಾಕಿಕೊಳ್ಳಲಿ. 2025ರ ಕೊನೆಗೆ ಪ್ರಾಧಿಕಾರ ತಂದ ಹೊಸ ಆ್ಯಪಿನಲ್ಲಿ ಬೇಕಾದಷ್ಟೇ ವಿವರ ತೋರಿಸುವ ಅನುಕೂಲವೂ ಇದೆ. ರೇಂಜ್ ಇದ್ದ ದಿನ ಅದನ್ನೂ ಬಳಸಬಹುದು.

ಅಕ್ಕ ಮೂರು ಸಂಜೆ ಕೂತು ಚಿತ್ರಗಳನ್ನು ಅಳಿಸಿದಳು. ಪಕ್ಕದ ತೋಟದವರಿಗೂ ಹೇಳಿದ್ದಾಳೆ, ಅವರು ಹೂಂ ಅಂದಿದ್ದಾರೆ, ಅಳಿಸಿದರೋ ಇಲ್ಲವೋ ಗೊತ್ತಿಲ್ಲ. ಅಪ್ಪನ ಫೋಟೊ ಒಂದು ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿ ಸಿಕ್ಕಿತು, ಗೋಡೆಗೆ ಹಾಕಿದ್ದು, ಕಾಗದದ್ದು. ಅದಕ್ಕೆ ಈಗ ನಾಲ್ಕು ಪ್ರತಿ ಮಾಡಿಸಿದ್ದೇವೆ.

ನೀವು ಈ ಸಲ ಕೊಡಗಿಗೆ ಬರುವವರಿದ್ದರೆ ಎಂಟು ಅಂಕಿ ಮುಚ್ಚಿದ ಆಧಾರ್ ಇಳಿಸಿಕೊಂಡು ಬನ್ನಿ, ಪ್ರಾಧಿಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಈಗಾಗಲೇ ಇಡೀ ಕಾರ್ಡು ಕಳಿಸಿ ಆಗಿದ್ದರೆ, ಹೊರಡುವ ದಿನ ಕಾಫಿ ಕುಡಿಯುತ್ತ, ನಿಮ್ಮೆದುರೇ ಅದನ್ನು ಅಳಿಸಲು ಹೇಳಿ. ಬೇಸರ ಮಾಡಿಕೊಳ್ಳುವುದಿಲ್ಲ. ಅಕ್ಕನ ಜಗಲಿಯಲ್ಲಿ ಈಗ ರಿಜಿಸ್ಟರ್ ಇದೆ. ಪೆನ್ನು ಮಾತ್ರ ನೀವೇ ತನ್ನಿ, ಇಲ್ಲಿಯ ಥಂಡಿ ಹಿಡಿದ ಹಾಳೆಯ ಮೇಲೆ ನಮ್ಮದು ಸರಿಯಾಗಿ ಬರೆಯುವುದಿಲ್ಲ.